ಸ್ಟೇಷನ್ ಮಾಸ್ಟರ್ ಪಾಳಿ: ಒಂದು ಕಡೆ 8 ಗಂಟೆ, ಪಕ್ಕದ ಸ್ಟೇಷನ್‌ನಲ್ಲಿ 12 ಗಂಟೆ, ಯಾಕೆ?

ಲೂಪ್‌ಲೈನ್ 3 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಸ್ವತಂತ್ರ ಡ್ಯೂಟಿಗೆ ನಿಲ್ಲುವ ಸ್ಟೇಷನ್ ಮಾಸ್ಟರ್‌ಗಳಿಗೆ ಉಪಯೋಗವಾಗಲಿ ಅಂತ ಮೂರು ಪ್ರಶ್ನೆ ಕೇಳುತ್ತಿದ್ದೇನೆ. ಒಂದೇ ಸೆಕ್ಷನ್‌ನಲ್ಲಿ ಒಂದು ಸ್ಟೇಷನ್‌ಗೆ 8 ಗಂಟೆಯ ಮೂರು ಪಾಳಿ, ಅದರ ಮುಂದಿನದಕ್ಕೆ 12 ಗಂಟೆಯ ಎರಡೇ ಪಾಳಿ. ಹುದ್ದೆ ಒಂದೇ, ಪ್ಯಾನೆಲ್ಲೂ (ಸಿಗ್ನಲ್‌ಗಳನ್ನೂ ಹಳಿ ಬದಲಿಸುವ ಪಾಯಿಂಟ್‌ಗಳನ್ನೂ ನಡೆಸುವ ಫಲಕ) ಒಂದೇ ಥರದ್ದು. ಇದು ಯಾವ ಲೆಕ್ಕದ ಮೇಲೆ ನಿರ್ಧಾರವಾಗುತ್ತದೆ? ಎರಡನೆಯದು, ಪಾಳಿ ಬದಲಾಗುವಾಗ ಬೆಳಗ್ಗೆ, ಸಂಜೆ, ರಾತ್ರಿ ಎಂದು ಮುಂದಕ್ಕೆ ಹೋಗುವ ಬದಲು ರಾತ್ರಿ, ಸಂಜೆ, ಬೆಳಗ್ಗೆ ಎಂದು ಹಿಂದಕ್ಕೆ ಹೋಗುವ ರೋಸ್ಟರ್ ಯಾಕೆ? ಮೂರನೆಯದು, ಚಾರ್ಜ್ ತೆಗೆದುಕೊಳ್ಳುವಾಗ, ಅಂದರೆ ಹಿಂದಿನ ಪಾಳಿಯವರಿಂದ ಸ್ಟೇಷನ್ ವಹಿಸಿಕೊಳ್ಳುವಾಗ, ನೋಡಬೇಕಾದ್ದರ ಪಟ್ಟಿ ಪುಸ್ತಕದಲ್ಲಿದೆ. ಯಾವುದು ತಪ್ಪಿದರೆ ಏನಾಗುತ್ತದೆ ಎಂದು ಬಲ್ಲವರು ಹೇಳಿ.

ರೋಸ್ಟರ್ ಲೆಕ್ಕ

ಮೊದಲ ಪ್ರಶ್ನೆಗೆ ಉತ್ತರ 1989ರ ರೈಲ್ವೆ ಕಾಯ್ದೆಯ ಕಲಂ 130ರಿಂದ ಶುರುವಾಗುತ್ತದೆ. ವಿವರ ಇರುವುದು 2005ರ ಕೆಲಸದ ಅವಧಿ ಮತ್ತು ವಿಶ್ರಾಂತಿ ನಿಯಮಗಳಲ್ಲಿ, ಅಂದರೆ ನಾವೆಲ್ಲ ಎಚ್‌ಓಇಆರ್ ಅನ್ನುತ್ತೇವಲ್ಲ, ಅದರಲ್ಲಿ. ಗಂಟೆ ನಿಗದಿಯಾಗುವುದು ಹುದ್ದೆ ನೋಡಿ ಅಲ್ಲ, ಆ ಜಾಗದ ಕೆಲಸ ನೋಡಿ.

ಬೇರೆ ಏನೂ ಘೋಷಣೆ ಆಗಿಲ್ಲದಿದ್ದರೆ ಕೆಲಸ ಕಂಟಿನ್ಯುಯಸ್. ವಾರಕ್ಕೆ 48 ಗಂಟೆ, ಅಂದರೆ 8ರಂತೆ ಆರು ದಿನ. ಎಡೆಬಿಡದೆ ಗಮನ ಕೊಡಬೇಕಾದ, ಉಸಿರಾಡಲು ಪುರಸೊತ್ತಿಲ್ಲದ ಸ್ಟೇಷನ್ ಆದರೆ ಇಂಟೆನ್ಸಿವ್ ಎಂದು ಘೋಷಿಸುತ್ತಾರೆ. ಅಲ್ಲಿ ವಾರಕ್ಕೆ 42 ಗಂಟೆ, ಸಾಮಾನ್ಯವಾಗಿ 6 ಗಂಟೆಯ ಪಾಳಿ. ನೀವು ಹೇಳಿದ 12 ಗಂಟೆಯ ಸ್ಟೇಷನ್ ಮೂರನೆಯ ಗುಂಪಿನದು: ಎಸೆನ್ಷಿಯಲಿ ಇಂಟರ್ಮಿಟೆಂಟ್, ಎಲ್ಲರ ಬಾಯಲ್ಲಿ ಇಐ. 12 ಗಂಟೆಯ ಡ್ಯೂಟಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸವಿಲ್ಲದೆ ಇರಬೇಕು. ಅದರಲ್ಲಿ ಒಂದೇ ಬಿಡುವು ಕನಿಷ್ಠ 1 ಗಂಟೆಯದ್ದಾಗಿರಬೇಕು, ಇಲ್ಲವೇ ಕನಿಷ್ಠ ಅರ್ಧರ್ಧ ಗಂಟೆಯ ಎರಡು ಬಿಡುವು ಇರಬೇಕು. ಇದನ್ನು ಸತತ 72 ಗಂಟೆಯ ಸರಾಸರಿಯಲ್ಲಿ ನೋಡುತ್ತಾರೆ. ಜಾಬ್ ಅನಾಲಿಸಿಸ್ ಅನ್ನುವುದು ಇದಕ್ಕೇ.

ಇಐನಲ್ಲೂ ಎರಡು ಬಗೆ ಇದೆ. ವಾರದ 48ರ ಮೇಲೆ 12 ಗಂಟೆ ಸೇರಿ 60 ಆಗುವುದು ಸಾಮಾನ್ಯ ಲೆಕ್ಕ. ರೋಡ್‌ಸೈಡ್ (ನಡುದಾರಿಯ ಸಣ್ಣ) ಸ್ಟೇಷನ್ ಆಗಿದ್ದು, ಡ್ಯೂಟಿ ಜಾಗದಿಂದ 0.5 ಕಿ.ಮೀ. ಒಳಗೆ ಕ್ವಾರ್ಟರ್ಸ್ ಕೊಟ್ಟಿದ್ದರೆ 24 ಸೇರಿ 72. ಆದ್ದರಿಂದ ಕ್ವಾರ್ಟರ್ಸ್ ಎಷ್ಟು ದೂರ ಎಂಬುದೂ ರೋಸ್ಟರ್‌ನ ಭಾಗವೇ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ.

ತಕರಾರು ಹುಟ್ಟುವುದು ಅನಾಲಿಸಿಸ್ ಹಳೆಯದಾಗಿ, ಗಾಡಿಗಳು ಹೆಚ್ಚಾದಾಗ. ಹಿಂದೆ ಎರಡು ತುದಿಯ ಕ್ಯಾಬಿನ್‌ಗಳಲ್ಲಿ (ಸಿಗ್ನಲ್ ಲಿವರ್ ಇರುವ ಕೋಣೆಗಳಲ್ಲಿ) ಹಂಚಿಹೋಗಿದ್ದ ಕೆಲಸ ಸೆಂಟ್ರಲ್ ಪ್ಯಾನೆಲ್ ಬಂದ ಮೇಲೆ ಒಬ್ಬರ ಕೈಗೆ ಸೇರಿದೆ. ಮರುಪರಿಶೀಲನೆ ಕೇಳಬೇಕಾದರೆ ಆಧಾರ ಟ್ರೇನ್ ಸಿಗ್ನಲ್ ರಿಜಿಸ್ಟರ್ರೇ. ಲೈನ್ ಕ್ಲಿಯರ್ (ಗಾಡಿ ಕಳಿಸಲು ಮುಂದಿನ ಸ್ಟೇಷನ್‌ನ ಒಪ್ಪಿಗೆ) ಕೇಳಿದ್ದು, ಕೊಟ್ಟಿದ್ದು, ಗಾಡಿ ಬಂದಿದ್ದು, ಹೋಗಿದ್ದು ಎಲ್ಲವನ್ನೂ ಆಯಾ ನಿಮಿಷಕ್ಕೆ ಬರೆದಿರಬೇಕು. ನಾಲ್ಕು ಗಾಡಿಯದ್ದನ್ನು ಆಮೇಲೆ ಒಟ್ಟಿಗೆ ತುಂಬಿಸಿದರೆ ನಿಯಮವನ್ನೂ ಮುರಿದ ಹಾಗೆ, ನಿಮ್ಮ ಕೆಲಸದ ಸಾಕ್ಷಿಯನ್ನೂ ಕೆಡಿಸಿದ ಹಾಗೆ.

ಓವರ್‌ಟೈಮ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಂಟಿನ್ಯುಯಸ್‌ನಲ್ಲಿ ಎರಡು ವಾರದ ಮೊತ್ತ ನೋಡುತ್ತಾರೆ. ರೋಸ್ಟರ್ 96 ಗಂಟೆ, ಕಾಯ್ದೆಯ ಮಿತಿ ವಾರಕ್ಕೆ 54ರಂತೆ 108. ನೀವು 116 ಗಂಟೆ ಮಾಡಿದ್ದರೆ 96ರಿಂದ 108ರವರೆಗಿನ 12 ಗಂಟೆಗೆ ಒಂದೂವರೆ ಪಟ್ಟು, ಉಳಿದ 8 ಗಂಟೆಗೆ ಎರಡು ಪಟ್ಟು. ಒಂದೊಂದೇ ದಿನದ ಲೆಕ್ಕ ಇಟ್ಟುಕೊಂಡು ಹೋದರೆ ಬಿಲ್ ತಾಳೆಯಾಗುವುದಿಲ್ಲ.

ರೆಸ್ಟ್ ಗಿವರ್

ಎರಡನೆಯ ಪ್ರಶ್ನೆ ಚೆನ್ನಾಗಿದೆ. ಕಾಗದದ ಮೇಲೆ ಗಂಟೆ ಎಣಿಸಿ ನೋಡಿದರೆ ಗೊತ್ತಾಗುತ್ತದೆ. ಇಂಟೆನ್ಸಿವ್, ಕಂಟಿನ್ಯುಯಸ್ ಎರಡಕ್ಕೂ ವಾರಕ್ಕೊಮ್ಮೆ ಸತತ 30 ಗಂಟೆ ರೆಸ್ಟ್ ಕೊಡಬೇಕು ಎನ್ನುತ್ತದೆ ಕಲಂ 133. ಪಾಳಿಗಳು 0–8 (ರಾತ್ರಿ), 8–16 (ಬೆಳಗ್ಗೆ), 16–24 (ಸಂಜೆ) ಎಂದಿರಲಿ. ಆರು ದಿನ ಡ್ಯೂಟಿ, ಏಳನೆಯ ದಿನ ರೆಸ್ಟ್.

ಮುಂದಕ್ಕೆ ಹೋಗುವ ಕ್ರಮ ನೋಡಿ. ಬೆಳಗಿನ ಪಾಳಿ 16ಕ್ಕೆ ಮುಗಿದು ರೆಸ್ಟ್ ಕಳೆದು ಸಂಜೆ ಪಾಳಿ 16ಕ್ಕೆ: 48 ಗಂಟೆ. ರಾತ್ರಿಯಿಂದ ಬೆಳಗಿನದಕ್ಕೆ: ಮತ್ತೆ 48. ಆದರೆ ಸಂಜೆ ಪಾಳಿ 24ಕ್ಕೆ ಮುಗಿದು ರೆಸ್ಟ್ ದಿನ ಕಳೆದ ಕೂಡಲೇ 0 ಗಂಟೆಗೆ ರಾತ್ರಿ ಪಾಳಿ ಹಿಡಿಯಬೇಕು: ಸಿಕ್ಕಿದ್ದು 24 ಮಾತ್ರ. ಅಲ್ಲಿಗೆ 30ರ ನಿಯಮ ಮುರಿಯಿತು.

ಹಿಂದಕ್ಕೆ ತಿರುಗಿಸಿದರೆ ರಾತ್ರಿಯಿಂದ ಸಂಜೆಗೆ 56, ಸಂಜೆಯಿಂದ ಬೆಳಗ್ಗೆಗೆ 32, ಬೆಳಗಿನಿಂದ ರಾತ್ರಿಗೆ 32. ಎರಡರ ಮೊತ್ತವೂ 120 ಗಂಟೆಯೇ, ಆದರೆ ಹಿಂದಕ್ಕೆ ಹೋಗುವ ಕ್ರಮದಲ್ಲಿ ಯಾವುದೂ 30ಕ್ಕಿಂತ ಕೆಳಗೆ ಬರುವುದಿಲ್ಲ. ದೇಹಕ್ಕೆ ಒಗ್ಗುವುದು ಮುಂದಕ್ಕೆ ಹೋಗುವ ಕ್ರಮವೇ, ಏಕೆಂದರೆ ನಿದ್ದೆಯನ್ನು ತಡಮಾಡುವುದು ಸುಲಭ, ಬೇಗ ತರಿಸಿಕೊಳ್ಳುವುದು ಕಷ್ಟ. ಅದನ್ನೇ ಇಟ್ಟುಕೊಳ್ಳಬೇಕೆಂದರೆ ಸಂಜೆಯಿಂದ ರಾತ್ರಿಗೆ ದಾಟುವ ವಾರ ಒಂದು ಪಾಳಿ ಬೇರೆಯವರಿಂದ ಮಾಡಿಸಬೇಕು.

ಮೂರು ಪಾಳಿಯ ಸ್ಟೇಷನ್‌ನಲ್ಲಿ ಮೂವರಿಗೆ ಮೂರು ರೆಸ್ಟ್ ದಿನ. ಆದ್ದರಿಂದ ಒಬ್ಬ ರೆಸ್ಟ್ ಗಿವರ್ (ಇತರರ ರೆಸ್ಟ್ ದಿನ ಅವರ ಬದಲು ನಿಲ್ಲುವವರು) ಮೂರು ದಿನ ಇಲ್ಲಿ, ಮೂರು ದಿನ ಇನ್ನೊಂದು ಸ್ಟೇಷನ್‌ನಲ್ಲಿ. ಪೆಟ್ಟು ಬೀಳುವುದು ಅವರಿಗೇ. ದಿನಕ್ಕೊಂದು ಪಾಳಿ, ಜೊತೆಗೆ ಪ್ರಯಾಣ. ಕಂಟಿನ್ಯುಯಸ್‌ನಲ್ಲಿ 10 ಗಂಟೆ ಮೀರಿದ ಡ್ಯೂಟಿ ಲಾಂಗ್ ಆನ್, 10 ಗಂಟೆಗಿಂತ ಕಡಿಮೆ ಬಿಡುವು ಶಾರ್ಟ್ ಆಫ್. ರೆಸ್ಟ್ ಗಿವರ್ ರೋಸ್ಟರ್ ಕೈಗೆ ಬಂದ ಕೂಡಲೇ ಪ್ರತಿ ಎರಡು ಪಾಳಿಯ ನಡುವಿನ ಅಂತರ ಬರೆದು ನೋಡಿ.

ಹೋಮ್ ಸಿಗ್ನಲ್

ಚಾರ್ಜ್ ವಿಷಯ. ಓದಿ ಸಹಿ ಹಾಕುವ ಮೊದಲು ಕಣ್ಣಾರೆ ಲೈನ್ ನೋಡಿ. ಯಾವ ಲೈನ್‌ನಲ್ಲಿ ಏನು ನಿಂತಿದೆ, ಅದು ಫೌಲಿಂಗ್ ಮಾರ್ಕ್ (ಪಕ್ಕದ ಲೈನ್‌ನ ಗಾಡಿಗೆ ತಗಲದಂತೆ ನಿಲ್ಲಬೇಕಾದ ಗುರುತು) ಒಳಗಿದೆಯೇ, ಬ್ರೇಕ್ ಕಟ್ಟಿದ್ದಾರೆಯೇ. ಪ್ಯಾನೆಲ್ ಮೇಲಿನ ಕೆಂಪು ಒಂದೇ ಸಾಲದು. ಹಳಿಯ ಮೇಲೆ ಗಾಡಿ ಇದೆಯೇ ಎಂದು ತೋರಿಸುವ ಟ್ರ್ಯಾಕ್ ಸರ್ಕ್ಯೂಟ್ ಕೆಟ್ಟರೂ ಅದೇ ಕೆಂಪು, ಗಾಡಿ ನಿಂತರೂ ಅದೇ ಕೆಂಪು. ಎಸ್ ಅಂಡ್ ಟಿಯವರು (ಸಿಗ್ನಲ್, ಟೆಲಿಕಾಂ ವಿಭಾಗ) ರಿಪೇರಿಗೆ ಸಂಪರ್ಕ ತಪ್ಪಿಸಿ ಡಿಸ್ಕನೆಕ್ಷನ್ ಕೊಟ್ಟು ರೀಕನೆಕ್ಷನ್ ಕೊಡದ ಪಾಯಿಂಟ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ, ಮೆಮೊ ನೋಡಿ.

ಆಮೇಲೆ ಕೌಂಟರ್‌ಗಳು, ಅಂದರೆ ವಿಶೇಷ ಗುಂಡಿಗಳನ್ನು ಎಷ್ಟು ಸಲ ಒತ್ತಿದರು ಎಂದು ಎಣಿಸುವ ಅಂಕಿಗಳು. ಎಮರ್ಜೆನ್ಸಿ ರೂಟ್ ರಿಲೀಸ್, ಕಾಲಿಂಗ್ ಆನ್, ಎಮರ್ಜೆನ್ಸಿ ಪಾಯಿಂಟ್, ಆಕ್ಸಲ್ ಕೌಂಟರ್ ರೀಸೆಟ್ ಇವುಗಳ ಅಂಕಿ ಪ್ಯಾನೆಲ್‌ನಲ್ಲಿರುವುದೂ ರಿಜಿಸ್ಟರ್‌ನಲ್ಲಿರುವುದೂ ಒಂದೇ ಆಗಿರಬೇಕು. ಒಂದು ಅಂಕಿ ಹೆಚ್ಚಿದ್ದರೂ ಯಾರು, ಯಾಕೆ ಒತ್ತಿದರು ಎಂದು ಬರೆಸಿಕೊಂಡೇ ಸಹಿ ಮಾಡಿ. ಸಹಿ ಹಾಕಿದ ಮೇಲೆ ಆ ಒಂದು ಅಂಕಿ ನಿಮ್ಮದು.

ಪ್ರೈವೇಟ್ ನಂಬರ್ ಶೀಟ್‌ನಲ್ಲಿ (ಫೋನಿನ ಮಾತನ್ನು ಖಚಿತಪಡಿಸಲು ಕೊಡುವ ಗುಟ್ಟಿನ ಅಂಕಿಗಳ ಪಟ್ಟಿ) ಕೊನೆಗೆ ಬಳಸಿದ ನಂಬರ್ ಕೆಳಗೆ ಗೆರೆ ಎಳೆದು ಸಹಿ. ಜಾರಿಯಲ್ಲಿರುವ ಕಾಷನ್ ಆರ್ಡರ್ (ನಿಧಾನ ಹೋಗಲು ಚಾಲಕರಿಗೆ ಕೊಡುವ ಚೀಟಿ), ಕ್ರ್ಯಾಂಕ್ ಹ್ಯಾಂಡಲ್ (ಪಾಯಿಂಟನ್ನು ಕೈಯಿಂದ ತಿರುಗಿಸುವ ಹಿಡಿ), ತುರ್ತು ಕೀಲಿಗಳು, ಬ್ಲಾಕ್ ಸೆಕ್ಷನ್‌ನಲ್ಲಿ (ಎರಡು ಸ್ಟೇಷನ್ ನಡುವಿನ ಹಳಿಯಲ್ಲಿ) ಇರುವ ಗಾಡಿ, ಕಂಟ್ರೋಲರ್ ಹೇಳಿಟ್ಟ ಕ್ರಾಸಿಂಗ್ ಎಲ್ಲ ಡೈರಿಯಲ್ಲಿ ಇರಬೇಕು. ಪ್ಯಾನೆಲ್ ಬಿಟ್ಟು ಏಳುವಾಗ ಎಸ್‌ಎಂ ಕೀ (ಪ್ಯಾನೆಲ್‌ಗೆ ಬೀಗ ಹಾಕುವ ಕೀಲಿ) ತೆಗೆದು ಜೇಬಿಗೆ.

ಲೂಪ್‌ಲೈನ್ 3

ತುಂಬಾ ಧನ್ಯವಾದ ಸರ್. ಇನ್ನೊಂದು ಸಂಶಯ: ಇಬ್ಬರೂ ಒಪ್ಪಿಕೊಂಡು ಅರ್ಧ ಗಂಟೆ ಆಚೀಚೆ ಚಾರ್ಜ್ ಬದಲಿಸಿಕೊಂಡರೆ ತೊಂದರೆ ಏನು? ಮತ್ತೆ, ರಾತ್ರಿ ಪಾಳಿಯಲ್ಲಿ ತಪ್ಪಾಗದಂತೆ ಏನು ಮಾಡಬಹುದು?

ಹೋಮ್ ಸಿಗ್ನಲ್

ಅರ್ಧ ಗಂಟೆಯ ಬೆಲೆ ಏನೆಂದು ತಿಳಿಯಬೇಕಾದರೆ ಸ್ಕಾಟ್ಲೆಂಡಿನ ಕ್ವಿಂಟಿನ್‌ಶಿಲ್ ಅಪಘಾತ ಓದಿ, 1915ರ ಮೇ 22. ಪಾಳಿ ಬದಲಾಗಬೇಕಿದ್ದದ್ದು ಬೆಳಗ್ಗೆ 6ಕ್ಕೆ. ಹಗಲು ಪಾಳಿಯವರು ಲೋಕಲ್ ಗಾಡಿ ಹಿಡಿದು ಆರೂವರೆ ಹೊತ್ತಿಗೆ ಬರುವ ಒಳ ಒಪ್ಪಂದವಿತ್ತು. 6ರ ನಂತರದ ನಮೂದುಗಳನ್ನು ರಾತ್ರಿ ಪಾಳಿಯವರು ಚೀಟಿಯಲ್ಲಿ ಬರೆದಿಡುತ್ತಿದ್ದರು, ಬಂದವರು ಅದನ್ನು ತಮ್ಮ ಅಕ್ಷರದಲ್ಲಿ ರಿಜಿಸ್ಟರ್‌ಗೆ ಇಳಿಸುತ್ತಿದ್ದರು, ತಡವಾದದ್ದು ಕಾಣಬಾರದೆಂದು. ಅವತ್ತು ಆ ಲೋಕಲ್ ಗಾಡಿಯೇ ಕ್ಯಾಬಿನ್ ಎದುರಿನ ಮೇನ್ ಲೈನ್‌ನಲ್ಲಿ ನಿಂತಿತ್ತು. ಸಿಗ್ನಲ್ ಲಿವರ್‌ಗೆ ಕಾಲರ್ (ಎಳೆಯದಂತೆ ನೆನಪಿಸುವ ಬಳೆ) ಹಾಕಿರಲಿಲ್ಲ. ಹಗಲಿನವರು ತಾವೇ ಇಳಿದು ಬಂದ ಗಾಡಿಯನ್ನು ಮರೆತು ಸೈನಿಕರ ಗಾಡಿಗೆ ಅದೇ ಲೈನ್ ಕೊಟ್ಟರು. ಸತ್ತವರು 200ಕ್ಕೂ ಹೆಚ್ಚು. ಬದಲಿ ಬೇಕೇ ಬೇಕಾದರೆ ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ, ಚಾರ್ಜ್ ಬುಕ್‌ನಲ್ಲಿ ನಿಜವಾದ ಸಮಯವನ್ನೇ ಹಾಕಿ.

ರಾತ್ರಿಯ ವಿಷಯ: ಮೈ ಸೋಲುವುದು ಹೆಚ್ಚಾಗಿ 2ರಿಂದ 6ರ ನಡುವೆ, 3ರಿಂದ 5 ಅತಿ ಕಷ್ಟ. ಆ ಹೊತ್ತಿನ ತಪ್ಪು ಹೆಚ್ಚಾಗಿ ಒಂದೇ ಬಗೆಯದು. ಫೋನಿನಲ್ಲಿ ಕೇಳಿದ ಗಾಡಿ ನಂಬರ್‌ಗೆ ಅಭ್ಯಾಸಬಲದಿಂದ “ಸರಿ” ಎಂದುಬಿಡುವುದು. ಕ್ರಮವನ್ನು ಕೈಗೆ ಕಲಿಸಿ: ಗಾಡಿ ನಂಬರ್ ಬರೆಯಿರಿ, ಪೂರ್ತಿ ತಿರುಗಿ ಹೇಳಿ, ಲೈನ್ ನೋಡಿ, ಪ್ರೈವೇಟ್ ನಂಬರ್ ಕೊನೆಗೆ. ಗಾಡಿ ಪೂರ್ತಿ ಬಂದಿದೆ ಎನ್ನುವ ಮೊದಲು ಟೇಲ್ ಲ್ಯಾಂಪ್ (ಕೊನೆಯ ಡಬ್ಬಿಯ ದೀಪ) ಯಾರು ನೋಡಿದರು ಎಂಬುದು ಖಚಿತವಾಗಿರಲಿ.

ಮೊದಲ ರಾತ್ರಿಗೆ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಿ. ಕಾಫಿ ಪಾಳಿಯ ಮೊದಲ ಅರ್ಧದಲ್ಲಿ ಮಾತ್ರ, ನಾಲ್ಕು ಗಂಟೆಗೆ ಕುಡಿದರೆ ಹಗಲಿನ ನಿದ್ದೆ ಹೋಗುತ್ತದೆ. ಮದ್ಯಕ್ಕೆ ಡ್ಯೂಟಿಗೆ ಮುಂಚಿನ 8 ಗಂಟೆಯಿಂದಲೇ ನಿಷೇಧ, ಜನರಲ್ ರೂಲ್ 2.09. ಬೆಳಗ್ಗೆ 8ಕ್ಕೆ ಚಾರ್ಜ್ ಕೊಟ್ಟು ಹೊರಟಾಗ ಬಿಸಿಲು ಕಣ್ಣಿಗೆ ಬೀಳದಂತೆ ಕಪ್ಪು ಕನ್ನಡಕ ಹಾಕಿಕೊಳ್ಳಿ, ಕೋಣೆ ಕತ್ತಲಾಗಿರಲಿ.