ಮಲಗಿಸಿ ತೆಗೆದ ಇಸಿಜಿ ನಾರ್ಮಲ್, ಎದ್ದು ನಿಂತ್ರೆ ಎದೆ ಢವಢವ – ಪಾಟ್ಸ್ (POTS, ಎದ್ದು ನಿಂತಾಗ ನಾಡಿ ವಿಪರೀತ ಏರೋ ಕಾಯಿಲೆ) ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ):

ನಮಸ್ಕಾರ ಡಾಕ್ಟರ್ ಮೇಡಂ. ನನ್ನ ಮಗಳಿಗೆ 18 ವರ್ಷ, ಬಿ.ಎಸ್ಸಿ ಓದ್ತಿದಾಳೆ. ಹೋದ ವರ್ಷ ಜೋರು ವೈರಲ್ ಜ್ವರ ಬಂದು ವಾಸಿ ಆತು, ಆದ್ರೆ ಅವತ್ತಿಂದ ಎದ್ದು ನಿಂತ್ರೆ ಸಾಕು ಎದೆ ಢವಢವ ಅನ್ನುತ್ತೆ, ಕಣ್ಣಿಗೆ ಕತ್ತಲೆ ಕವಿಯುತ್ತೆ, ಕೈ ನಡುಗುತ್ತೆ. ಹರಿಹರದಿಂದ ಬರೋ ಬಸ್ಸಲ್ಲಿ ಸೀಟು ಸಿಗ್ಲಿಲ್ಲ ಅಂದ್ರೆ ಜನರ ಮಧ್ಯನೇ ಕುಕ್ಕರುಗಾಲಲ್ಲಿ ಕೂತ್ಬಿಡ್ತಾಳೆ. ತಲೆಗೆ ನೀರು ಹಾಕ್ಕೊಂಡ ದಿನ ಬಚ್ಚಲಿಂದ ಬಂದೋಳು ಸೀದಾ ಮಂಚ ಹಿಡೀತಾಳೆ, ಮಧ್ಯಾಹ್ನದವರೆಗೂ ಏಳಲ್ಲ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ನಾರ್ಮಲ್ ಅಂತ ಬಂತು. ಒಂದು ಕಡೆ ಟೆನ್ಷನ್ ಅಂದ್ರು, ಇನ್ನೊಂದು ಕಡೆ ಮದುವೆ ಮಾಡ್ರಿ ಸರಿ ಹೋಗ್ತಾಳೆ ಅಂದ್ರು, ಮಗಳು ಮನೆಗೆ ಬಂದು ತುಂಬಾ ಅತ್ಲು ಮೇಡಂ. ಬೆಂಗಳೂರಲ್ಲಿರೋ ನಮ್ಮ ನಾದಿನಿ ಮಗಳು ಇದು ಪಾಟ್ಸ್ ಇರಬಹುದು ಅಂದ್ಲು. ಯಾವುದೋ ಟೆಲಿಗ್ರಾಂ ಗುಂಪಲ್ಲಿ 15,000 ರೂಪಾಯಿ ಕಟ್ಟಿದ್ರೆ ಇದರ ರಿಸರ್ಚಿಗೆ ಹೆಸರು ಹಚ್ತೀವಿ, ಹೊಸ ಔಷಧಿ ಕೊಡ್ತೀವಿ ಅಂತಿದಾರೆ. ಕಟ್ಟಬಹುದಾ?

ಉತ್ತರ (ಫಿಸಿಷಿಯನ್, ಚಿತ್ರದುರ್ಗ):

ಅಕ್ಕ, ಮೊದಲು ದುಡ್ಡಿನ ವಿಷಯ. ದಯವಿಟ್ಟು ಕಟ್ಟಬೇಡ್ರಿ. ಸರಿಯಾದ ಕ್ಲಿನಿಕಲ್ ಟ್ರಯಲ್‌ನಲ್ಲಿ ಪರೀಕ್ಷೆ ಮಾಡ್ತಿರೋ ಔಷಧಿಗೆ ರೋಗಿ ಹತ್ರ ದುಡ್ಡು ಇಸ್ಕೊಳಲ್ಲ, ಹೆಸರು ಹಚ್ಚೋಕೆ ಫೀಸೂ ಇರಲ್ಲ. ಉಳಿದದ್ದು ಆಮೇಲೆ ಹೇಳ್ತೀನಿ, ಮೊದಲು ಮಗಳ ವಿಷಯಕ್ಕೆ ಬರ್ತೀನಿ.

ಬಸ್ಸಲ್ಲಿ ಕುಕ್ಕರುಗಾಲಲ್ಲಿ ಕೂರ್ತಾಳೆ ಅಂದ್ರಲ್ಲ, ಅದು ನನಗೆ ಎಷ್ಟೋ ಹೇಳಿಬಿಡ್ತು. ಯಾರೇ ಎದ್ದು ನಿಂತ್ರೂ ಅರ್ಧ ಲೀಟರಿಂದ ಮುಕ್ಕಾಲು ಲೀಟರಷ್ಟು ರಕ್ತ ಹೊಟ್ಟೆ ಮತ್ತೆ ಕಾಲಿನ ಕಡೆ ಇಳಿಯುತ್ತೆ. ಆಗ ನರಗಳು ರಕ್ತನಾಳನ ಬಿಗಿ ಮಾಡಿ ಅದನ್ನ ಮೇಲಕ್ಕೆ ತಳ್ಳಬೇಕು, ನಮಗೆ ಗೊತ್ತೇ ಆಗದಂಗೆ ಅದು ನಡೀತಿರುತ್ತೆ. ಪಾಟ್ಸ್ ಇರೋರಲ್ಲಿ ಅದು ಸರಿಯಾಗಿ ನಡೆಯಲ್ಲ, ಹಂಗಾಗಿ ಹೃದಯ ಓಡಿ ಓಡಿ ಸರಿದೂಗಿಸೋಕೆ ನೋಡುತ್ತೆ. ಕುಕ್ಕರಿಸಿದಾಗ ತೊಡೆ, ಮೀನಖಂಡ ಒತ್ತಿ ರಕ್ತ ಮೇಲಕ್ಕೆ ಬರುತ್ತೆ. ಆ ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲ, ಅವಳ ದೇಹನೇ ಕಂಡ್ಕೊಂಡಿರೋ ಉಪಾಯ ಅದು, ಬೈಬೇಡ್ರಿ. ಬಿಸಿನೀರು ಸ್ನಾನದಲ್ಲಿ ರಕ್ತನಾಳ ಇನ್ನೂ ಅಗಲ ಆಗ್ತವೆ, ಅದಕ್ಕೇ ಅವತ್ತು ಏಳೋಕೆ ಆಗಲ್ಲ. ನಮ್ಮ ಕಡೆ ಏಪ್ರಿಲ್ ಮೇ ಬಿಸಿಲಲ್ಲೂ ಹಂಗೇ ಆಗುತ್ತೆ.

ಇಸಿಜಿ ಎಕೋ ಯಾಕೆ ನಾರ್ಮಲ್ ಬಂತು ಅಂದ್ರೆ ಎರಡನ್ನೂ ಮಲಗಿಸಿ ತೆಗೀತಾರೆ. ನಿಂತಾಗ ಬರೋ ಕಾಯಿಲೆನ ಮಲಗಿಸಿ ಹುಡುಕಿದ್ರೆ ಹೆಂಗೆ ಸಿಗುತ್ತೆ ಹೇಳ್ರಿ. ಇದೇನು ಹೊಸದೂ ಅಲ್ಲ. 1871ರಲ್ಲಿ ಜೇಕಬ್ ಡಾಕೋಸ್ಟಾ ಅನ್ನೋ ವೈದ್ಯರು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇದೇ ತರ ಎದೆಬಡಿತ, ಸುಸ್ತು ನೋಡಿ ಬರೆದಿದ್ರು. ಆಮೇಲೆ ಇದಕ್ಕೆ ನೂರೆಂಟು ಹೆಸರು ಬಂದ್ವು, ಬಹಳಷ್ಟು ಸಲ ಮನಸ್ಸಿನ ಕಾಯಿಲೆ ಅಂತನೇ ತಳ್ಳಿಹಾಕಿದ್ರು. 1993ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಶಾಂಡಾರ್ಫ್ ಮತ್ತೆ ಲೋ ಇದನ್ನ ಅಳತೆ ಮಾಡಿ ಪಾಟ್ಸ್ ಅಂತ ವಿವರಿಸಿದ್ರು. ಅಳತೆ ಸಿಕ್ಕ ಮೇಲೇನೇ ರಿಸರ್ಚ್ ಮುಂದೆ ಹೋಗಿದ್ದು. ಈಗ ನಿಯಮ ಏನಪ್ಪಾ ಅಂದ್ರೆ, ನಿಂತ 10 ನಿಮಿಷದೊಳಗೆ ನಾಡಿ ಕನಿಷ್ಠ 30 ಏರಬೇಕು, 12ರಿಂದ 19 ವಯಸ್ಸಿನವರಿಗೆ 40 ಏರಬೇಕು, ಬಿಪಿ ಮಾತ್ರ ಅಷ್ಟು ಬೀಳಬಾರದು, ತೊಂದರೆ ಮೂರು ತಿಂಗಳಾದ್ರೂ ಇರಬೇಕು, ಮತ್ತೆ ನಾಡಿ ಏರೋಕೆ ಬೇರೆ ಕಾರಣ ಇರಬಾರದು. ನಿಮ್ಮ ಮಗಳಿಗೆ 18, ಅಂದ್ರೆ 40ರ ಲೆಕ್ಕ.

ಮನೇಲೇ ನೋಡಬಹುದು. ಬೆಳಿಗ್ಗೆ ಕಾಫಿ ಟೀ ಕುಡಿಯೋಕೆ ಮುಂಚೆ ಹತ್ತು ನಿಮಿಷ ಸುಮ್ನೆ ಮಲಗಿಸ್ರಿ, ಮಾತಾಡಿಸಬೇಡ್ರಿ, ನಾಡಿ ಮತ್ತೆ ಬಿಪಿ ಬರ್ಕೊಳ್ರಿ. ಆಮೇಲೆ ನಿಲ್ಲಿಸಿ 1, 3, 5, 10 ನಿಮಿಷಕ್ಕೆ ಬರ್ಕೊಳ್ರಿ. ನಾಡಿನ ಪೂರ್ತಿ ಒಂದು ನಿಮಿಷ ಎಣಿಸ್ರಿ, ಕೊರೊನಾ ಟೈಮಲ್ಲಿ ತಂದ ಬೆರಳಿಗೆ ಹಾಕೋ ಆಕ್ಸಿಮೀಟರ್ ಇದ್ರೂ ನಡೆಯುತ್ತೆ. ನೀವು ಪಕ್ಕದಲ್ಲೇ ನಿಂತಿರಬೇಕು, ಬೀಳೋ ತರ ಅನ್ನಿಸಿದ ತಕ್ಷಣ ಪರೀಕ್ಷೆ ಸಾಕು ಮಾಡಿ, ಮಲಗಿಸಿ ಕಾಲು ಎತ್ತಿಡ್ರಿ. ಬೇರೆ ಬೇರೆ ಮೂರು ದಿನ ಮಾಡ್ರಿ.

ಇದರ ಜೊತೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಿಸ್ಲೇಬೇಕು. ಮುಟ್ಟಿನಲ್ಲಿ ಜಾಸ್ತಿ ಹೋಗಿ ರಕ್ತ ಕಮ್ಮಿ ಆದ ಹುಡುಗೀರಿಗೂ ಹಿಂಗೇ ಎದೆ ಬಡೀತದೆ, ಅದಕ್ಕೆ ಕಬ್ಬಿಣದ ಮಾತ್ರೆ ಸಾಕಾಗಬಹುದು. ಇನ್ನೊಂದು ಮಾತು ಬಹಳ ಮುಖ್ಯ. ಓಡುವಾಗ, ಆಟ ಆಡುವಾಗ ಜ್ಞಾನ ತಪ್ಪಿದ್ರೆ, ಮಲಗಿದ್ದಾಗಲೇ ತಪ್ಪಿದ್ರೆ, ಇಲ್ಲಾ ಮನೆತನದಲ್ಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹಠಾತ್ತಾಗಿ ತೀರ್ಕೊಂಡಿದ್ರೆ ಇದೆಲ್ಲಾ ಬಿಟ್ಟು ಮೊದಲು ಹೃದಯದ ಡಾಕ್ಟರ್ ಹತ್ರ ಹೋಗ್ರಿ.

ಪ್ರಶ್ನೆ (ಹಿರಿಯೂರಿನಿಂದ ಒಬ್ಬರು):

ಮೇಡಂ, ನಮ್ಮ ಅಪ್ಪಾಜಿಗೆ 62, ಬಿಪಿ ಮಾತ್ರೆ ತಗೊಳ್ತಾರೆ. ಅವರಿಗೂ ಎದ್ದಾಗ ತಲೆ ಸುತ್ತುತ್ತೆ. ಮಲಗಿದಾಗ 142/84, ಎದ್ದು ಎರಡು ನಿಮಿಷಕ್ಕೆ 112/70. ಇದೂ ಪಾಟ್ಸಾ? ಉಪ್ಪು ಜಾಸ್ತಿ ಕೊಡಲಾ?

ಉತ್ತರ:

ಅಲ್ಲ ಸರ್, ಇದು ಬೇರೆ. ನಿಂತಾಗ ಮೇಲಿನ ಬಿಪಿ 20, ಇಲ್ಲಾ ಕೆಳಗಿಂದು 10 ಬಿದ್ರೆ ಅದನ್ನ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ ಅಂತೀವಿ. ಅಪ್ಪಾಜಿಗೆ 30 ಬಿದ್ದಿದೆ. ಮಾತ್ರೆಯಿಂದ ಇರಬಹುದು, ಸಕ್ಕರೆ ಕಾಯಿಲೆ ಇದ್ರೆ ನರದಿಂದ ಇರಬಹುದು. ಉಪ್ಪು ಕೊಡಬೇಡ್ರಿ, ಮಾತ್ರೆನೂ ನೀವೇ ನಿಲ್ಲಿಸಬೇಡ್ರಿ, ಈ ವಾರನೇ ಈ ನಂಬರ್ ತೋರಿಸಿ ಡಾಕ್ಟರ್ ಹತ್ರ ಮಾತಾಡ್ರಿ. ಅಲ್ಲಿವರೆಗೂ ರಾತ್ರಿ ಬಾತ್‌ರೂಮಿಗೆ ಏಳುವಾಗ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಎದ್ದೇಳ್ಲಿ.

ಪ್ರಶ್ನೆ (ಅದೇ ತಾಯಿ, ನಾಲ್ಕು ದಿನ ಆದ್ಮೇಲೆ):

ಮೇಡಂ, ಮೂರು ದಿನ ನೋಡಿದ್ವಿ. ಮಲಗಿದಾಗ 74, 78, 72. ಹತ್ತನೇ ನಿಮಿಷಕ್ಕೆ 118, 124, 119. ಬಿಪಿ 108/70 ಇದ್ದಿದ್ದು ನಿಂತಾಗ 106/76. ಹಿಮೋಗ್ಲೋಬಿನ್ 12.4, ಥೈರಾಯ್ಡ್ ಶುಗರ್ ಸರಿ ಐತೆ. ನಂಬರ್ ನೋಡಿ ಮಗಳು "ಅಮ್ಮ ನಾನು ನಾಟಕ ಆಡ್ತಿರ್ಲಿಲ್ಲ" ಅಂದ್ಲು, ನನಗೆ ಮಾತೇ ಹೊರಡ್ಲಿಲ್ಲ. ಇದಕ್ಕೆ ಔಷಧಿ ಐತಾ? ರಿಸರ್ಚಲ್ಲಿ ಏನು ಕಂಡುಹಿಡಿದಿದಾರೆ?

ಉತ್ತರ:

ಅವಳಿಗೆ ನನ್ನ ಕಡೆಯಿಂದ ಹೇಳ್ರಿ, ನಾಟಕ ಆಡಿ ಯಾರೂ ಮೂರು ದಿನನೂ 40ಕ್ಕಿಂತ ಮೇಲೆ ನಾಡಿ ಏರಿಸೋಕೆ ಆಗಲ್ಲ ಅಂತ. ನಂಬರ್ ಪಾಟ್ಸ್ ಕಡೆಗೇ ಕೈ ತೋರಿಸ್ತಿದೆ, ಆದ್ರೆ ಡಾಕ್ಟರ್ ಎದುರಿಗೆ ಇನ್ನೊಮ್ಮೆ ಇದೇ ತರ ನಿಲ್ಲಿಸಿ ನೋಡಿ ಹೆಸರು ಇಡಬೇಕು. ಅನುಮಾನ ಉಳಿದ್ರೆ ಟಿಲ್ಟ್ ಟೇಬಲ್ ಪರೀಕ್ಷೆ ಇದೆ, ಮಂಚಕ್ಕೆ ಬೆಲ್ಟ್ ಕಟ್ಟಿ ನಿಧಾನಕ್ಕೆ ಎತ್ತಿ ನಿಲ್ಲಿಸೋದು.

ಪಾಟ್ಸ್‌ಗೆ ಅಂತಲೇ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿರೋ ಔಷಧಿ ಒಂದೂ ಇಲ್ಲ, ಕೊಡೋದೆಲ್ಲಾ ಬೇರೆ ಕಾಯಿಲೆಗೆ ಬಂದ ಮಾತ್ರೆಗಳೇ. ರಿಸರ್ಚಲ್ಲಿ ಒಳ್ಳೆ ಕೆಲಸ ಆಗಿದೆ, ಆದ್ರೆ ಹೆಚ್ಚಿನವು ಸಣ್ಣ ಸ್ಟಡಿಗಳು, ಅದನ್ನ ಮನಸ್ಸಲ್ಲಿ ಇಟ್ಕೊಂಡು ಓದ್ರಿ.

ಉಪ್ಪಿನ ವಿಷಯನೇ ನೋಡ್ರಿ. ಅಮೆರಿಕದ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯೋರು 2021ರಲ್ಲಿ ಒಂದು ಸ್ಟಡಿ ಪ್ರಕಟಿಸಿದ್ರು, 14 ಜನ ಪಾಟ್ಸ್ ಇರೋ ಹೆಂಗಸರಿಗೆ ಕೆಲವು ದಿನ ತೀರಾ ಕಮ್ಮಿ ಉಪ್ಪಿನ ಊಟ, ಕೆಲವು ದಿನ ತುಂಬಾ ಜಾಸ್ತಿ ಉಪ್ಪಿನ ಊಟ ಕೊಟ್ರು. ಜಾಸ್ತಿ ಉಪ್ಪಿದ್ದಾಗ ರಕ್ತದ ಪ್ರಮಾಣ ಏರ್ತು, ನಿಂತಾಗಿನ ನಾಡಿ ಇಳೀತು, ಆದ್ರೂ ಆರೋಗ್ಯವಂತರ ಮಟ್ಟಕ್ಕೆ ಬರ್ಲಿಲ್ಲ. ಪ್ರೊಪ್ರನಲಾಲ್ ಮಾತ್ರೆದು ನನಗೆ ಇನ್ನೂ ಇಷ್ಟವಾದ ಸ್ಟಡಿ, 2009ರದ್ದು. 20 ಮಿಲಿಗ್ರಾಂ ಕೊಟ್ಟಾಗ ನಾಡಿನೂ ಇಳೀತು, ತೊಂದರೆನೂ ಕಮ್ಮಿ ಆತು. 80 ಕೊಟ್ಟಾಗ ನಾಡಿ ಇನ್ನೂ ಇಳೀತು, ಆದ್ರೆ ರೋಗಿಗೆ ಹೆಚ್ಚು ಆರಾಮ ಏನೂ ಅನ್ನಿಸ್ಲಿಲ್ಲ. ನಂಬರ್ ಇಳಿಸೋದೇ ಗುರಿ ಅಲ್ಲ ಅಂತ ನಾನು ಕಲ್ತಿದ್ದು ಇದರಿಂದ. 2021ರಲ್ಲೇ ಐವಾಬ್ರಡಿನ್ ಮಾತ್ರೆನ 22 ಜನರಲ್ಲಿ ನೋಡಿದ್ರು, ಒಬ್ಬೊಬ್ರಿಗೂ ಒಂದು ತಿಂಗಳು ನಿಜವಾದ ಮಾತ್ರೆ, ಒಂದು ತಿಂಗಳು ಔಷಧಿ ಇಲ್ಲದ ಮಾತ್ರೆ ಕೊಟ್ಟು. ನಿಜವಾದ ಮಾತ್ರೆ ತಿಂಗಳಲ್ಲಿ ನಾಡಿನೂ ದಿನದ ಬದುಕೂ ಸುಧಾರಿಸ್ತು.

ವ್ಯಾಯಾಮದ ಬಗ್ಗೆ ಅಮೆರಿಕದ ಡಲ್ಲಾಸ್‌ನಲ್ಲಿ 2010ರಲ್ಲಿ ಸ್ಟಡಿ ಆಗಿತ್ತು, ಮೂರು ತಿಂಗಳು ಪೂರ್ತಿ ಮಾಡಿದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಾಟ್ಸ್ ಲೆಕ್ಕದಿಂದಲೇ ಹೊರಗೆ ಬಂದ್ರು. ಶುರು ಮಾಡಿದ್ದು ಮಾತ್ರ ಓಟದಿಂದ ಅಲ್ಲ, ಒರಗಿ ಕೂತು ತುಳಿಯೋ ಸೈಕಲ್, ಈಜು, ಹುಟ್ಟು ಹಾಕೋ ಮಿಷಿನ್. ಅದಕ್ಕೇ ಹೇಳ್ತೀನಿ, ಹುರುಪಲ್ಲಿ ಅವಳನ್ನ ದುರ್ಗದ ಕೋಟೆ ಹತ್ತಿಸೋಕೆ ಕರ್ಕೊಂಡು ಬರಬೇಡ್ರಿ, ಮೊದಲು ಮಲಗಿಕೊಂಡೇ ಕಾಲಿನ ವ್ಯಾಯಾಮ ಮಾಡ್ಲಿ. ಸ್ವಲ್ಪ ಮಾಡಿದ್ರೂ ಮಾರನೇ ದಿನ ಪೂರ್ತಿ ಮಲಗೋ ಹಂಗಾದ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳ್ರಿ.

ಈಗಿಂದ ಮಾಡೋದು: ದಿನಕ್ಕೆ ಎರಡು ಎರಡೂವರೆ ಲೀಟರ್ ನೀರು, ಅದರಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ನಿಂಬೆ ಪಾನಕ ಸೇರಲಿ. ಹಾಸಿಗೆಯಿಂದ ಏಳೋ ಮುಂಚೆ ಒಂದು ದೊಡ್ಡ ಲೋಟ ನೀರು. ಒಂದೇ ಸಲ ಹೊಟ್ಟೆ ಬಿರಿಯ ಊಟ ಬೇಡ, ಮೂರು ಬೆಣ್ಣೆ ದೋಸೆ ತಿಂದು ಎದ್ರೆ ರಕ್ತ ಹೊಟ್ಟೆ ಕಡೆ ಹೋಗಿ ಸುಸ್ತು ಜಾಸ್ತಿ ಆಗುತ್ತೆ, ಒಂದೊಂದೇ ಆಗಾಗ ತಿನ್ಲಿ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಸ್ಟೂಲ್ ಮೇಲೆ ಕೂತು. ಉಪ್ಪು ಎಷ್ಟು ಏರಿಸಬೇಕು, ಮಾತ್ರೆ ಬೇಕಾ ಅನ್ನೋದು ನೋಡೋ ಡಾಕ್ಟರ್ ಹೇಳಬೇಕು, ಆಸ್ತಮಾ ಇದ್ರೆ ಪ್ರೊಪ್ರನಲಾಲ್ ಕೊಡೋ ಹಂಗಿಲ್ಲ.

ಪ್ರಶ್ನೆ (ದಾವಣಗೆರೆಯ ಇನ್ನೊಬ್ಬರು):

ಅಕ್ಕನಿಗೆ ಹೇಳಿದ ಹಂಗೆ ನನಗೂ ಆ ಗುಂಪಿನೋರು ಫೋನ್ ಮಾಡಿದ್ರು ಮೇಡಂ. ಐವಿಐಜಿ ಅನ್ನೋ ಡ್ರಿಪ್ ಹಾಕ್ಸಿದ್ರೆ ಪೂರ್ತಿ ವಾಸಿ ಅಂತಾರೆ, ಲಕ್ಷಗಟ್ಟಲೆ ಖರ್ಚು. ಟ್ರಯಲ್ ನಿಜಾನಾ ಸುಳ್ಳಾ ಅಂತ ತಿಳ್ಕೊಳೋದು ಹೆಂಗೆ?

ಉತ್ತರ:

ಐವಿಐಜಿ ಅಂದ್ರೆ ರಕ್ತದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನ್. ಅದನ್ನ ಪಾಟ್ಸ್‌ಗೆ ಅಂತ ಡಲ್ಲಾಸ್‌ನಲ್ಲಿ 30 ಜನರಲ್ಲಿ ಪರೀಕ್ಷೆ ಮಾಡಿ 2024ರಲ್ಲಿ ಪ್ರಕಟಿಸಿದ್ರು. ಸುಮಾರು ಅರ್ಧ ಜನರಿಗೆ ಐವಿಐಜಿ, ಉಳಿದೋರಿಗೆ ಆಲ್ಬುಮಿನ್ ಅನ್ನೋ ಇನ್ನೊಂದು ರಕ್ತದ ಪ್ರೋಟೀನ್. ಆಲ್ಬುಮಿನ್ ಯಾಕೆ ಅಂದ್ರೆ ಬರೀ ಡ್ರಿಪ್ ಹೋದ್ರೂ ಸಾಕು, ರಕ್ತದ ಪ್ರಮಾಣ ಏರಿ ಪಾಟ್ಸ್ ಇರೋರಿಗೆ ಸ್ವಲ್ಪ ಹಗುರ ಅನ್ನಿಸುತ್ತೆ, ಅದನ್ನ ಔಷಧಿ ಗುಣ ಅಂತ ತಪ್ಪು ತಿಳೀಬಾರದು ಅಂತ. ಕೊನೆಗೆ ಎರಡೂ ಗುಂಪಿಗೆ ಹೇಳಿಕೊಳ್ಳೋ ವ್ಯತ್ಯಾಸ ಸಿಗ್ಲಿಲ್ಲ. ಇನ್ನೂ ದೊಡ್ಡ ಸ್ಟಡಿಯಿಂದ ಏನು ಬರುತ್ತೋ ಬರ್ಲಿ, ಈಗ ಇದಕ್ಕಾಗಿ ಹೊಲ ಅಡ ಇಡಬೇಡ್ರಿ.

ಟ್ರಯಲ್ ಬಗ್ಗೆ: ನಮ್ಮ ದೇಶದಲ್ಲಿ ಸಿಟಿಆರ್‌ಐ ಅಂತ ಸರ್ಕಾರಿ ನೋಂದಣಿ ಇದೆ, 2007ರಿಂದ, ಆನ್‌ಲೈನ್‌ನಲ್ಲಿ ಯಾರು ಬೇಕಾದ್ರೂ ಪುಕ್ಕಟೆ ನೋಡಬಹುದು. ಆ ಗುಂಪಿನೋರನ್ನ ನೋಂದಣಿ ನಂಬರ್ ಕೇಳ್ರಿ, ಇದಕ್ಕೆ ಒಪ್ಪಿಗೆ ಕೊಟ್ಟ ಎಥಿಕ್ಸ್ ಕಮಿಟಿ (ರೋಗಿಗಳ ಹಿತ ನೋಡೋ ಸಮಿತಿ) ಯಾವುದು ಕೇಳ್ರಿ. ನಿಜವಾದ ಟ್ರಯಲ್ ಆದ್ರೆ ಎಲ್ಲಾ ವಿವರ ನಿಮಗೆ ಅರ್ಥ ಆಗೋ ಭಾಷೆಯಲ್ಲಿ ಬರೆದು ಕೊಡಬೇಕು, ಮನೆಗೆ ಒಯ್ದು ಯೋಚನೆ ಮಾಡೋಕೆ ಬಿಡಬೇಕು, ಮಧ್ಯದಲ್ಲಿ ಬೇಡ ಅಂದ್ರೆ ಕಾರಣ ಕೇಳದೆ ಬಿಟ್ಟುಕೊಡಬೇಕು, ಟ್ರಯಲ್‌ನಿಂದ ಏನಾದ್ರೂ ಆದ್ರೆ ಚಿಕಿತ್ಸೆ ಅವರೇ ಪುಕ್ಕಟೆ ಕೊಡಬೇಕು, 2019ರ ನಿಯಮದಲ್ಲಿ ಇದಿದೆ. ರಿಸರ್ಚಿಗೆ ಹೆದರಬೇಡ್ರಿ ಅಂತಾನೂ ಹೇಳ್ತೀನಿ. ಆ 14 ಜನ, ಆ 22 ಜನ ಒಪ್ಪಿ ಹೋಗದೇ ಇದ್ದಿದ್ರೆ ಇವತ್ತು ನಾನು ಇಲ್ಲಿ ಏನು ಹೇಳ್ತಿದ್ದೆ.

ಪ್ರಶ್ನೆ (ಮೊದಲ ತಾಯಿ):

ಸೋಮವಾರ ಇಲ್ಲೇ ಫಿಸಿಷಿಯನ್ ಹತ್ರ ಹೋಗ್ತಿದೀವಿ ಮೇಡಂ. ಮತ್ತೆ ಟೆನ್ಷನ್ ಅಂದ್ಬಿಟ್ರೆ ಏನು ಮಾಡ್ಲಿ?

ಉತ್ತರ:

ನಂಬರ್ ಬರೆದ ಹಾಳೆನ ಮೊದಲು ಮೇಜಿನ ಮೇಲಿಡ್ರಿ ಅಕ್ಕ, ಮಾತು ಆಮೇಲೆ. ಅದರಲ್ಲೇ ಜ್ವರ ಬಂದ ತಿಂಗಳು, ಮುಟ್ಟಿನ ತಾರೀಖು, ತಗೊಳೋ ಮಾತ್ರೆ ಎಲ್ಲಾ ಬರೀರಿ. "ಇವಳನ್ನ ಹತ್ತು ನಿಮಿಷ ನಿಲ್ಲಿಸಿ ನೋಡ್ತೀರಾ ಡಾಕ್ಟ್ರೇ" ಅಂತ ಇಷ್ಟೇ ಕೇಳ್ರಿ. ಬೆಳಿಗ್ಗೆ ಮೊದಲ ಟೋಕನ್ ತಗೊಳ್ರಿ, ಜನ ಕಮ್ಮಿ ಇದ್ದಾಗ ಅವರಿಗೂ ಹತ್ತು ನಿಮಿಷ ಸಿಗುತ್ತೆ. ಹೋಗುವಾಗ ಬಸ್ ಬೇಡ, ಆಟೋದಲ್ಲಿ ಕೂರಿಸ್ಕೊಂಡು ಹೋಗ್ರಿ, ಬಾಟಲಲ್ಲಿ ಮಜ್ಜಿಗೆ ಇರಲಿ.