ಕೀಳರಿಮೆಗೆ ಪದವಿದೆ, ಅದರ ಮದ್ದಿಗೆ?

ವಿಯೆನ್ನಾದ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್ ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಅವರ ಕೀಳರಿಮೆ ಕನ್ನಡದಲ್ಲಿ ಮನೆಮಾತು. ಆದರೆ ಅದಕ್ಕೆ ಮದ್ದು ಅಂತ ಅವರು ಹೇಳಿದ ಜರ್ಮನ್ ಪದ ಗೆಮೈನ್‌ಶಾಫ್ಟ್ಸ್‌ಗೆಫ್ಯೂಲ್‌ಗೆ ಅಷ್ಟೇ ಗಟ್ಟಿ ಪದ ಸಿಗುತ್ತಿಲ್ಲ. ನಾನೂ ಎಲ್ಲರ ಜೊತೆಗಿನವನು, ಅವರ ಕಷ್ಟಸುಖದಲ್ಲಿ ನನಗೂ ಪಾಲಿದೆ ಅನ್ನುವ ಭಾವ ಅದು. ಇಂಗ್ಲಿಷಿನ ಸೋಶಿಯಲ್ ಇಂಟರೆಸ್ಟ್ ತೀರಾ ಸಪ್ಪೆ.

ಥಟ್ಟನೆ ಹೊಳೆಯುವುದು ಸಮುದಾಯಪ್ರಜ್ಞೆ. ಆದರೆ ಇವತ್ತಿನ ಪೇಪರ್ ತೆಗೆದು ನೋಡಿ. 'ಸಮುದಾಯದ ಮುಖಂಡರು', 'ಸಮುದಾಯಕ್ಕೆ ಟಿಕೆಟ್' ಅಂದರೆ ಜಾತಿ ಅಂತಲೇ ಅರ್ಥ ಅಲ್ವಾ? 'ನಮ್ಮ ಸಮಾಜದವರು' ಅಂದರೂ ಅಷ್ಟೇ. ಆಡ್ಲರ್ ಹೇಳಿದ್ದು ಇದಕ್ಕೆ ಪೂರಾ ಉಲ್ಟಾ.

ಆಡ್ಲರ್ ಅವರ ಆ ಜರ್ಮನ್ ಪದ ಹುಟ್ಟಿದ ನೆಲವನ್ನೂ ನೋಡಬೇಕು. 1898ರಲ್ಲೇ, ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಪರಿಚಯಕ್ಕೂ ಮೊದಲು, ವಿಯೆನ್ನಾದ ಈ ಡಾಕ್ಟರ್ ದರ್ಜಿಗಳ ಆರೋಗ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಗಾಳಿಬೆಳಕಿಲ್ಲದ ಇಕ್ಕಟ್ಟು ಕೋಣೆಯಲ್ಲಿ ಬೆನ್ನು ಬಗ್ಗಿಸಿ ಹೊತ್ತುಗೊತ್ತಿಲ್ಲದೆ ಹೊಲಿಯುವವರ ಶ್ವಾಸಕೋಶ, ಕಣ್ಣು ಹಾಳಾದರೆ ಔಷಧಿ ಒಂದೇ ಸಾಲದು, ಕೆಲಸದ ಕಾನೂನೇ ಬದಲಾಗಬೇಕು ಅನ್ನುವುದು ಅವರ ವಾದ. ಹೆಂಡತಿ ರೈಸಾ ರಷ್ಯಾದವರು, ಸಮಾಜವಾದಿ. ರಷ್ಯಾದ ಕ್ರಾಂತಿಕಾರಿ ಟ್ರಾಟ್ಸ್ಕಿ ಕುಟುಂಬದ ಜೊತೆ ಒಡನಾಟವಿತ್ತು. 1911ರಲ್ಲಿ ಆಡ್ಲರ್ ಫ್ರಾಯ್ಡ್ ಬಳಗ ಬಿಟ್ಟರು. ಮೊದಲ ಮಹಾಯುದ್ಧದಲ್ಲಿ ಸೇನೆಯ ಡಾಕ್ಟರಾಗಿ ದುಡಿದು ಬಂದ ಮೇಲೆ ಈ ಭಾವವೇ ಅವರ ಚಿಕಿತ್ಸೆಯ ನಡುಗಂಬವಾಯಿತು.

ಆಮೇಲೆ ಸೋಶಿಯಲ್ ಡೆಮಾಕ್ರಾಟರ ಆಡಳಿತದ 'ಕೆಂಪು ವಿಯೆನ್ನಾ'ದಲ್ಲಿ ಮಕ್ಕಳಿಗಾಗಿ 20ಕ್ಕೂ ಹೆಚ್ಚು ಸಲಹಾ ಕೇಂದ್ರಗಳು ನಡೆದವು. ಅಲ್ಲಿ ಮಗುವಿನ ತೊಂದರೆಯನ್ನು ಡಾಕ್ಟರು, ಮೇಷ್ಟ್ರು, ಅಪ್ಪಅಮ್ಮ ಒಟ್ಟಿಗೆ ಕೂತು, ಎಷ್ಟೋ ಸಲ ಬೇರೆ ಶಿಕ್ಷಕರ ಎದುರಲ್ಲೇ ಮಾತಾಡುತ್ತಿದ್ದರು. ಮನಸ್ಸಿನ ತೊಂದರೆ ಒಬ್ಬರ ಗುಟ್ಟಲ್ಲ, ಎಲ್ಲರೂ ಹೆಗಲು ಕೊಡಬೇಕಾದ ಕೆಲಸ ಅನ್ನುವ ನಂಬಿಕೆ ಅದು. 1934ರಲ್ಲಿ ಆಸ್ಟ್ರಿಯಾದ ಸರ್ವಾಧಿಕಾರಿ ಡೋಲ್ಫುಸ್ ಸರ್ಕಾರ ಸಮಾಜವಾದಿಗಳನ್ನು ಬಗ್ಗುಬಡಿದಾಗ ಆ ಕೇಂದ್ರಗಳೂ ಮುಚ್ಚಿದವು.

ಹಾಗಾಗಿ ಸುಮ್ನೆ 'ಪರೋಪಕಾರ ಬುದ್ಧಿ' ಅಂದರೆ ಆ ರಾಜಕೀಯವೆಲ್ಲ ಸೋರಿಹೋಗುತ್ತದೆ. ಪರೋಪಕಾರದಲ್ಲಿ ಕೊಡುವವರು ಮೇಲೆ, ತಗೊಳ್ಳುವವರು ಕೆಳಗೆ. 'ಒಗ್ಗಟ್ಟು' ಅಂದರೆ ಎದುರಿಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು 'ಒಡನಾಡಿತನ', ಯಾಕಂದರೆ ಅದರಲ್ಲಿ ಸಮಾನತೆ ಇದೆ. ಆದರೆ ಗುರುತೇ ಇಲ್ಲದವರ ಜೊತೆಗಿನ ನಂಟನ್ನೂ ಅದು ಹೇಳುತ್ತದಾ? 'ಕೂಡುಭಾವ' ಅಂದರೆ ಕೇಳಿದ ಕೂಡಲೇ ಅರ್ಥವಾಗುತ್ತದಾ? ಜಾತಿಯ ವಾಸನೆ ಇಲ್ಲದ ಬೇರೆ ಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ಬರೆಯಿರಿ.