ರಕ್ತ ಹರಿಸದೆ ರಕ್ತಸ್ರಾವದ ಅಧ್ಯಯನ ಹೇಗೆ?

ಪ್ರಶ್ನೆ: ತೀವ್ರ ರಕ್ತಸ್ರಾವಕ್ಕೆ ಮನುಷ್ಯದೇಹ ಹೇಗೆ ಸ್ಪಂದಿಸುತ್ತದೆ ಎಂಬುದನ್ನು, ಯಾರ ಜೀವವನ್ನೂ ಅಪಾಯಕ್ಕೆ ಒಡ್ಡದೆ ಸಂಶೋಧಕರು ಹೇಗೆ ಅಳೆಯುತ್ತಾರೆ?

ಉತ್ತರ 1: ಸ್ವಯಂಸೇವಕರನ್ನು ಸೊಂಟದವರೆಗೆ ಗಾಳಿಯಾಡದ ಪೆಟ್ಟಿಗೆಯೊಳಗೆ ಮಲಗಿಸಿ, ಅದರೊಳಗಿನ ಗಾಳಿಯ ಒತ್ತಡವನ್ನು ಹಂತಹಂತವಾಗಿ ತಗ್ಗಿಸಿದಾಗ, ರಕ್ತವು ಕಾಲು ಮತ್ತು ಕಿಬ್ಬೊಟ್ಟೆಯ ಭಾಗದಲ್ಲಿ ಶೇಖರವಾಗಿ ಹೃದಯಕ್ಕೆ ಮರಳುವ ಪ್ರಮಾಣ ಇಳಿಯುತ್ತದೆ. ತಲೆಸುತ್ತಿನ ಲಕ್ಷಣ ಕಂಡೊಡನೆ ಪೆಟ್ಟಿಗೆಯೊಳಕ್ಕೆ ಗಾಳಿ ಬಿಟ್ಟರೆ ರಕ್ತ ಬೇಗನೆ ಹಿಂದಿರುಗುತ್ತದೆ. ಈ ವಿಧಾನದ ದೊಡ್ಡ ಗುಣ ಅದೇ ಎಂದು ನನ್ನ ಅಭಿಪ್ರಾಯ.

ಉತ್ತರ 2: ನಾಡಿಬಡಿತ ಏರಿ, ರಕ್ತನಾಳಗಳು ಕುಗ್ಗುವುದರಿಂದ ರಕ್ತದೊತ್ತಡವು ಬಹಳ ಹೊತ್ತು ಸಹಜವಾಗಿಯೇ ಕಾಣುತ್ತದೆ. ಸುಮಾರು 30 ಪ್ರತಿಶತ ರಕ್ತ ಹೋದ ಬಳಿಕವಷ್ಟೇ ಅದು ಸ್ಪಷ್ಟವಾಗಿ ಕುಸಿಯುವುದುಂಟು.

ಉತ್ತರ 3: ಆದರೆ ಪೆಟ್ಟಿಗೆಯಲ್ಲಿ ಗಾಯವಿಲ್ಲ, ಕೆಂಪು ರಕ್ತಕಣಗಳ ನಷ್ಟವೂ ಇಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುವ ಬಗೆಯನ್ನು ತಿಳಿಯಲು ಪ್ರಾಣಿಪ್ರಯೋಗಗಳನ್ನೂ ಗಾಯಾಳುಗಳ ಚಿಕಿತ್ಸಾ ದಾಖಲೆಗಳನ್ನೂ ಅವಲಂಬಿಸಬೇಕಾಗುತ್ತದೆ.